ಕೈ ಕತ್ತರಿಸಿದ ಸಿನಿಮಾ

ನನ್ನ ದೊಡ್ಡಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೂಗಿನ ತುದಿಯ ಕೋಪ ಬಂದಷ್ಟೇ ಬೇಗ ಇಳಿದುಹೋಗುತ್ತದೆ. ಇವಳ ಕೋಪ ಬಂದರೆ ಚಾಪೆ ಹಾಸಿಕೊಂಡು ಕೂರುತ್ತದೆ, ಊಟಕ್ಕೆ ಕರೆದರೂ ಏಳುವುದಿಲ್ಲ.

ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಅಯ್ಯೋ ಪಾಪ ಎಂಬ ಮುಖ ಮಾಡಿಕೊಂಡು ಯಾರಾದರೂ ಎದುರಿಗೆ ಬಂದರೆ ಅವರ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. "ನನಗೆ ಕಿವಿ ಕೇಳಲ್ಲ, ನಿಮಗೆ ಕೈಮಾತು ಬರಲ್ಲ. ಅಲ್ಲಿಗೆ ಸರಿಹೋಯ್ತಲ್ಲ, ಪಾಪ ಯಾಕೆ?" ಎನ್ನುತ್ತಾಳೆ. ಅನ್ನುವುದು ಕೈಯಲ್ಲಿ. ಅದನ್ನು ಎದುರಿನವರಿಗೆ ಬಾಯಿಬಿಟ್ಟು ಹೇಳುವ ಕೆಲಸ ನನ್ನದು. ನನ್ನಮ್ಮ ಅವಳ ಒಡಹುಟ್ಟಿದ ತಂಗಿ. ಅಮ್ಮ ಕೆಲಸಕ್ಕೆ ಹೋಗುತ್ತಿದ್ದಾಗ ನನ್ನನ್ನು ಸಾಕಿದವಳು ದೊಡ್ಡಮ್ಮನೇ ಆದ್ದರಿಂದ ನನಗೆ ಬಾಯಿಮಾತಿಗಿಂತ ಮೊದಲು ಕೈಮಾತು ಬಂತು. ಇಲ್ಲಿ ಅವಳು ಕೈಯಲ್ಲಿ ಆಡಿದ್ದನ್ನೆಲ್ಲ ಬಾಯಲ್ಲಿ ಆಡಿದ ಹಾಗೆಯೇ ಬರೆಯುತ್ತಿದ್ದೇನೆ. ಇದನ್ನು ಅವಳು ಓದಿದರೆ ಅದಕ್ಕೂ ಒಂದು ತಕರಾರು ತೆಗೆಯುತ್ತಾಳೆ, ತೆಗೆಯಲಿ.

ಅವಳ ಕಸುಬು ಹಲ್ಲಿನ ಸೆಟ್ ಮಾಡುವುದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಲ್ಯಾಬಿಗೆ ಕಳಿಸುತ್ತಾರೆ. ಇವಳು ಮೇಣದಲ್ಲಿ ಒಸಡು ಕಟ್ಟಿ, ಅದರ ಮೇಲೆ ಒಂದೊಂದೇ ಹಲ್ಲು ನಿಲ್ಲಿಸಿ, ಬೇಯಿಸಿ, ಉಜ್ಜಿ, ಪಾಲಿಶ್ ಮಾಡಿ ವಾಪಸು ಕಳಿಸುತ್ತಾಳೆ. ಉಜ್ಜುವ ಮಿಷನ್ನಿನ ಕಿರ್ರೆನ್ನುವ ಸದ್ದಿಗೆ ಲ್ಯಾಬಿನ ಉಳಿದವರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡಿರುತ್ತಾರೆ. ಇವಳೊಬ್ಬಳು ಹಾಯಾಗಿ ಕೂತಿರುತ್ತಾಳೆ. ತುಟಿ ನೋಡಿ ಮಾತು ಹಿಡಿಯುವುದರಲ್ಲೂ ಅವಳದು ಎತ್ತಿದ ಕೈ. ಒಮ್ಮೆ ಬಸ್ಸಿನಲ್ಲಿ ಹಿರಿಯರೊಬ್ಬರು ಏನೋ ವಿಳಾಸ ಕೇಳಿದರು. ಇವಳು ನನ್ನ ಕಡೆ ತಿರುಗಿ, "ಏನೂ ಅರ್ಥ ಆಗ್ತಿಲ್ಲ. ಕೆಳಗಿನ ಸೆಟ್ ಸಡಿಲ ಇದೆ. ನಮ್ಮ ಲ್ಯಾಬಿನದಲ್ಲ, ಅವರ ಡಾಕ್ಟರ್ ಯಾರು ಕೇಳು," ಎಂದಳು. ನಾನು ಕೇಳಲಿಲ್ಲ. ಇಳಿಯುವ ತನಕ ನನ್ನ ಜೊತೆ ಮುಖ ಊದಿಸಿಕೊಂಡಿದ್ದಳು.

ಭಾನುವಾರ ಬಂತೆಂದರೆ ಅವಳು ಕಿವುಡರ ಸಂಘದಲ್ಲಿ. ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಒಂದಕ್ಕೊಂದು ಹೊಂದದ ಕುರ್ಚಿಗಳು, ಗೋಡೆಯಲ್ಲಿ ದೊಡ್ಡ ಟಿ.ವಿ. ಬಾಗಿಲಲ್ಲಿ ಗುಂಡಿ ಒತ್ತಿದರೆ ಒಳಗೆ ಗಂಟೆ ಹೊಡೆಯುವುದಿಲ್ಲ, ದೀಪ ಮಿಣುಕುತ್ತದೆ. ಅಲ್ಲಿಗೆ ಪರದೇಶದ ಹಳೆಯ ಸಿನಿಮಾಗಳನ್ನು ಶುಚಿಮಾಡಿ, ಮನೆಯಲ್ಲಿ ನೋಡುವ ಡಿಸ್ಕ್ ಮಾಡಿ ಮಾರುವ ಒಂದು ಕಂಪನಿಯಿಂದ ಡಿಸ್ಕುಗಳು ಬರುತ್ತಿದ್ದವು. ಮಾರಾಟಕ್ಕೆ ಬಿಡುವ ಮೊದಲು ಸಂಘದ ಮೂವರು ಕೂತು ನೋಡಬೇಕು. ಕಿವಿ ಕೇಳದವರಿಗೆಂದೇ ಹಾಕಿದ ಸಬ್‌ಟೈಟಲ್ ಸರಿಯಾಗಿದೆಯೇ, ಯಾರ ಮಾತು ಯಾರದೆಂದು ತಿಳಿಯುತ್ತದೆಯೇ, ಬಾಗಿಲು ಬಡಿದರೆ ಬಾಗಿಲು ಬಡಿದ ಸದ್ದು ಎಂದು ಬರೆದಿದ್ದಾರೆಯೇ ಎಂದೆಲ್ಲ ನೋಡಿ, ಮೂವರೂ ಒಪ್ಪಿದರೆ ಸಂಘದ ಮುದ್ರೆ. ಆ ದುಂಡು ಮುದ್ರೆ ಡಿಸ್ಕಿನ ಕವರಿನ ಹಿಂದೆ ಅಚ್ಚಾಗುತ್ತಿತ್ತು. ಅದಿದ್ದರೆ ಮಾತ್ರ ಬೇರೆ ಊರುಗಳ ಕಿವುಡರ ಶಾಲೆಗಳು, ಸಂಘಗಳು ಕೊಳ್ಳುತ್ತಿದ್ದವು.

ಆ ಮೂವರೆಂದರೆ ಸಂಘದ ಅಧ್ಯಕ್ಷರು, ದರ್ಜಿ ಕೆಲಸದ ಒಬ್ಬ ಹೆಂಗಸು ಮತ್ತು ನನ್ನ ದೊಡ್ಡಮ್ಮ. ಅಧ್ಯಕ್ಷರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದು ನಿವೃತ್ತರಾದವರು, ತುಂಬ ಒಳ್ಳೆಯವರು. ಯಾರಿಗೂ ಇಲ್ಲ ಎನ್ನಲಾರದಷ್ಟು ಒಳ್ಳೆಯವರು. ದರ್ಜಿಗೆ ಅಕ್ಷರ ತಪ್ಪು ಕಂಡರೆ ಹೊಲಿಗೆ ಬಿಟ್ಟ ಬಟ್ಟೆ ಕಂಡ ಹಾಗೆ. ರಬ್ಬರಿನ ಮುದ್ರೆ ಇರುತ್ತಿದ್ದದ್ದು ಮಾತ್ರ ದೊಡ್ಡಮ್ಮನ ಚೀಲದಲ್ಲಿ, ಮೇಣ ಕೆತ್ತುವ ಚಾಕುಗಳ ಜೊತೆಗೆ. ಅಧ್ಯಕ್ಷರ ಬಳಿ ಇದ್ದರೆ ಕೇಳಿದವರಿಗೆಲ್ಲ ಒತ್ತಿಬಿಡುತ್ತಾರೆಂದು ಸಂಘದವರೇ ಮಾಡಿಕೊಂಡ ವ್ಯವಸ್ಥೆ ಅದು.

ದೊಡ್ಡಮ್ಮನದು ಎರಡು ಸಲ ನೋಡುವ ಪದ್ಧತಿ. ಮೊದಲ ಸಲ ಎಲ್ಲರ ಜೊತೆ ಓದಿಕೊಂಡು. ಎರಡನೆಯ ಸಲ ಒಬ್ಬಳೇ, ಚಪ್ಪಲಿ ಡಬ್ಬಿಯ ರಟ್ಟನ್ನು ಟಿ.ವಿ.ಯ ಕೆಳಭಾಗಕ್ಕೆ ಅಂಟಿಸಿ, ಅಕ್ಷರ ಕಾಣದ ಹಾಗೆ. "ಓದ್ತಾ ಇದ್ರೆ ಸಿನಿಮಾ ನೋಡಿದ ಹಾಗಲ್ಲ, ಪೇಪರ್ ಓದಿದ ಹಾಗೆ. ರಟ್ಟು ಹಾಕಿದಾಗ ಚಿತ್ರ ಹೇಗಿದೆ ಅಂತ ಗೊತ್ತಾಗತ್ತೆ," ಎನ್ನುತ್ತಿದ್ದಳು. ಅವಳು ಬಣ್ಣ ಮಂಕಾಗಿದ್ದರೆ ಹೇಳುತ್ತಿದ್ದಳು, ಶುಚಿಮಾಡುವ ಭರದಲ್ಲಿ ಮುಖಗಳು ಮೇಣದ ಗೊಂಬೆಯ ಹಾಗಾಗಿದ್ದರೆ ಹೇಳುತ್ತಿದ್ದಳು. ಮೇಣದ ವಿಷಯ ಅವಳಿಗೆ ಗೊತ್ತಿಲ್ಲದ್ದಲ್ಲ. ಕಂಪನಿಯವರು ಸಬ್‌ಟೈಟಲ್ ಬಿಟ್ಟು ಉಳಿದದ್ದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಅವಳು ಹೇಳುವುದನ್ನೂ ಬಿಟ್ಟಿರಲಿಲ್ಲ.

ಹೀಗಿರುವಾಗ ಆ ಕೊರಿಯನ್ ಸಿನಿಮಾ ಬಂತು.

ಅದರಲ್ಲಿ ನಾಯಕಿಯೇ ಕಿವುಡಿ. ಬಂದರಿನ ಪಕ್ಕ ಒಂದು ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಅಪ್ಪ ದೋಣಿಯ ಟಿಕೆಟ್ ಕೊಡುವವನು. ಮಗಳ ಕೈಮಾತು ಕಲಿಯುವುದೇ ಇಲ್ಲ ಎಂದು ಹಠ ಹಿಡಿದವನು, ಏನಿದ್ದರೂ ಕೂಗಿ ಹೇಳುತ್ತಾನೆ. ಕೊನೆಗೆ ಅವಳು ಬೇರೆ ಊರಿಗೆ ಕೆಲಸಕ್ಕೆ ಹೊರಟು ಅವನ ಟಿಕೆಟ್ ಕಿಟಕಿಯ ಮುಂದೆ ನಿಂತಾಗ ಅವನು ಮೊದಲ ಸಲ ಕೈಯಲ್ಲಿ ಮಾತಾಡುತ್ತಾನೆ. ಸಂಘಕ್ಕೆ ಬಂದ ಇಷ್ಟು ಸಿನಿಮಾಗಳಲ್ಲಿ ತಮ್ಮಂಥವಳೊಬ್ಬಳು ನಾಯಕಿಯಾಗಿದ್ದು ಅದೇ ಮೊದಲು. ಆ ಭಾನುವಾರ ಕುರ್ಚಿ ಸಾಲದೆ ಜನ ಮೆಟ್ಟಿಲ ಮೇಲೆ ಕೂತರು. ಮುಗಿದಾಗ ಅರ್ಧ ಜನ ಅಳುತ್ತಿದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುತ್ತ, ಸಬ್‌ಟೈಟಲ್ ಬಹಳ ಚೆನ್ನಾಗಿದೆ ಎಂದರು. ದರ್ಜಿಗೂ ಒಂದೇ ಒಂದು ತಪ್ಪು ಸಿಗಲಿಲ್ಲ. ಇಬ್ಬರೂ ಅಲ್ಲೇ ಒಪ್ಪಿಗೆ ಕೊಟ್ಟರು.

ದೊಡ್ಡಮ್ಮ ಮರುದಿನ ಸಂಜೆ ಲ್ಯಾಬಿನಿಂದ ಸೀದಾ ಸಂಘಕ್ಕೆ ಹೋಗಿ ರಟ್ಟು ಅಂಟಿಸಿ ಕೂತಳು. ನಾನೂ ಜೊತೆಗಿದ್ದೆ. ಮೊದಲ ದೃಶ್ಯದಲ್ಲಿ ಹುಡುಗಿ ಕೊಡೆ ರಿಪೇರಿಯವನ ಜೊತೆ ಜಗಳಕ್ಕೆ ನಿಂತಿದ್ದಾಳೆ. ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, ಎದ್ದುಹೋಗಿ, ರಟ್ಟಿನ ತುದಿ ಎತ್ತಿ ಕೆಳಗೆ ಇಣುಕಿದಳು. ಮತ್ತೆ ಬಂದು ಕೂತಳು. ಇನ್ನೊಂದು ದೃಶ್ಯ ಬಂದಾಗ ಮತ್ತೆ ಎದ್ದಳು, ಮತ್ತೆ ಇಣುಕಿದಳು. ಆಮೇಲೆ ರಟ್ಟನ್ನೇ ಕಿತ್ತು ಬಿಸಾಕಿದಳು.

"ಕೈ ಎಲ್ಲಿ?" ಎಂದಳು.

ನನಗೆ ಅರ್ಥವಾಗಲಿಲ್ಲ. ಹುಡುಗಿಯ ಮುಖವಿತ್ತು, ಭುಜವಿತ್ತು. ಭುಜ ಅಲುಗುತ್ತಿತ್ತು. ಕೆಳಗೆ ಅಕ್ಷರ ಬರುತ್ತಿತ್ತು. ಆಗೊಮ್ಮೆ ಈಗೊಮ್ಮೆ ಒಂದು ಬೆರಳು ಮೇಲೆದ್ದು ಮಾಯವಾಗುತ್ತಿತ್ತು. ಕೈಗಳು ಇರಬೇಕಾದ ಜಾಗದಲ್ಲಿ ಟಿ.ವಿ. ಮುಗಿದುಹೋಗಿತ್ತು. ನಾನು ಹಿಂದಿನ ದಿನ ಇಡೀ ಸಿನಿಮಾ ನೋಡಿದ್ದೆ, ಅತ್ತಿದ್ದೆ ಕೂಡ. ಕೈ ಇಲ್ಲವೆಂದು ಹೊಳೆದಿರಲಿಲ್ಲ. ಕೋಣೆ ತುಂಬ ಕೂತಿದ್ದ ಕಿವುಡರಿಗೂ ಹೊಳೆದಿರಲಿಲ್ಲ. ನಾವೆಲ್ಲ ಓದುತ್ತಿದ್ದೆವು. ಜೊತೆಗೆ ಅದು ಕೊರಿಯಾದ ಕೈಮಾತು. ಕೈಮಾತು ಒಂದೊಂದು ದೇಶದ್ದು ಒಂದೊಂದು ಥರ. ಕಂಡರೂ ತಿಳಿಯುವುದಿಲ್ಲವಲ್ಲ ಎಂದು ಯಾರೂ ಅತ್ತ ಕಣ್ಣು ಹಾಯಿಸಿರಲಿಲ್ಲ. ತಿಳಿಯದ ಭಾಷೆಯ ಹಾಡು ಪಕ್ಕದ ಮನೆಯಲ್ಲಿ ನಿಂತುಹೋದರೆ ಕೇಳುವವರಿಗೂ ಗೊತ್ತಾಗುವುದಿಲ್ಲ, ಹಾಗೆ.

ಮೊದಲಿಗೆ ದೊಡ್ಡಮ್ಮನ ಸಿಟ್ಟೆಲ್ಲ ಸಿನಿಮಾ ತೆಗೆದವರ ಮೇಲೆ. "ಕಿವುಡಿಯ ಸಿನಿಮಾ ಮಾಡೋಕೆ ಹೊರಟಿದ್ದಾನೆ, ಕಿವುಡಿಗೆ ಬಾಯಿ ಎಲ್ಲಿರತ್ತೆ ಅಂತ ಗೊತ್ತಿಲ್ಲ. ಕ್ಯಾಮೆರಾ ಹಿಡಿದವನು ದಂಡಪಿಂಡ," ಎಂದು ವಾರವಿಡೀ ಬೈದಳು. ಹಲ್ಲು ನಿಲ್ಲಿಸುವಾಗಲೂ ಮಧ್ಯೆ ಮಧ್ಯೆ ಚಾಕು ಕೆಳಗಿಟ್ಟು ಬೈದಳಂತೆ, ಲ್ಯಾಬಿನವರು ಹೇಳಿದರು. ಅಷ್ಟರಲ್ಲಿ ಕಂಪನಿಯಿಂದ ಡಿಸ್ಕಿನ ಕವರು ಬಂತು, ಮುದ್ರೆಯ ಜಾಗ ಇಲ್ಲಿ ಎಂದು ತೋರಿಸಲಿಕ್ಕೆ. ಕವರಿನ ಮುಂಭಾಗದಲ್ಲಿ ಅದೇ ಕೊಡೆ ಜಗಳದ ಚಿತ್ರ. ಹುಡುಗಿಯ ಎರಡೂ ಕೈ ಎದೆಯ ಮುಂದೆ, ಬೆರಳು ಅಗಲಿಸಿ. ಕೆಳಗೆ ಮುರಿದ ಕೊಡೆ, ಮೇಜು, ಮೇಜಿನ ಕೆಳಗೆ ಒಂದು ಬೆಕ್ಕು.

ದೊಡ್ಡಮ್ಮ ಟಿ.ವಿ.ಯಲ್ಲಿ ಆ ದೃಶ್ಯ ನಿಲ್ಲಿಸಿ, ಕವರನ್ನು ಪಕ್ಕದಲ್ಲಿ ಹಿಡಿದಳು. ಟಿ.ವಿ.ಯಲ್ಲಿ ಬೆಕ್ಕಿಲ್ಲ, ಮೇಜಿಲ್ಲ, ಕೊಡೆಯೂ ಇಲ್ಲ. ಕೈ ಇಲ್ಲವೇ ಇಲ್ಲ.

"ಕ್ಯಾಮೆರಾದವನು ಸರಿಯಾಗೇ ತೆಗೆದಿದ್ದಾನೆ. ಇವರು ಕತ್ತರಿಸಿದ್ದಾರೆ," ಎಂದಳು. ಆಮೇಲೆ ಕೊರಿಯಾದ ಆ ಕಾಣದ ಕ್ಯಾಮೆರಾದವನಿಗೆ ಟಿ.ವಿ.ಯ ಕಡೆ ಮುಖ ಮಾಡಿ ಒಂದು ಕ್ಷಮೆ ಕೇಳಿದಳು. ನಾನು ನಕ್ಕದ್ದಕ್ಕೆ ಬೈಸಿಕೊಂಡೆ.

ಸಂಘದಲ್ಲಿ ಹೇಳಿದಾಗ ಯಾರೂ ಕುಣಿದಾಡಲಿಲ್ಲ. ಅಧ್ಯಕ್ಷರು ಬೇಡಿಕೊಂಡರು.

"ನಮ್ಮಂಥೋಳು ಒಬ್ಬಳು ಸಿನಿಮಾದಲ್ಲಿ ಬಂದಿದ್ದಾಳೆ. ಅದಕ್ಕೂ ಕಲ್ಲು ಹಾಕಬೇಡ. ಅವಳ ಕೈ ಕಂಡಿದ್ರೂ ನಮಗೇನು ತಿಳೀತಿತ್ತು?"

"ಅವಳು ಬಂದಿಲ್ಲ. ಅವಳ ತಲೆ ಬಂದಿದೆ," ಎಂದಳು ದೊಡ್ಡಮ್ಮ.

"ಮುದ್ರೆ ಕೊಡಲ್ಲ ಅಂದ್ರೆ ಅವರು ಮುಂದೆ ಒಂದು ಸಿನಿಮಾನೂ ಕಳಿಸಲ್ಲ. ಭಾನುವಾರ ಇಷ್ಟು ಜನ ಬರೋದು ಅದಕ್ಕೇ."

"ಬರದೆ ಇರಲಿ."

ಇದನ್ನು ಅವಳು ಎಲ್ಲರ ಎದುರು ಹೇಳಿದಳು. ಕೈಮಾತಿನಲ್ಲಿ ಪಿಸುಗುಟ್ಟಲು ಬರುತ್ತದೆ, ಕೈಯನ್ನು ಚಿಕ್ಕದಾಗಿ ಆಡಿಸಿದರಾಯಿತು. ಅವಳು ಆಡಿಸಿದ್ದು ದೊಡ್ಡದಾಗಿ, ಹಿಂದಿನ ಸಾಲಿಗೂ ಕಾಣುವ ಹಾಗೆ. ಹಿಂದಿನ ಸಾಲಿನವರು ಗಂಟುಮುಖ ಹಾಕಿಕೊಂಡರು.

ಕಂಪನಿಯ ಕಚೇರಿಗೆ ಹೋದದ್ದು ನಾವು ನಾಲ್ವರು. ಅಧ್ಯಕ್ಷರು, ದರ್ಜಿ, ದೊಡ್ಡಮ್ಮ, ಅವಳ ಬಾಯಿಯಾಗಿ ನಾನು. ಗಾಜಿನ ಗೋಡೆಯ ಕೋಣೆ, ಗೋಡೆಗೆ ಟಿ.ವಿ., ಆಚೆ ಕಡೆ ಮ್ಯಾನೇಜರ್ ಮತ್ತು ಚಿತ್ರ ಶುಚಿಮಾಡುವ ಎಂಜಿನಿಯರಮ್ಮ. ಮ್ಯಾನೇಜರ್ ನಮಗೆಲ್ಲ ಚಹಾ ತರಿಸಿ, ನನ್ನ ಮುಖ ನೋಡಿ ಮಾತು ಶುರುಮಾಡಿದರು.

"ಅವರಿಗೆ ಹೇಳಿ, ಸಬ್‌ಟೈಟಲ್ ಬಗ್ಗೆ ಏನಾದ್ರೂ ಇದ್ರೆ ಖಂಡಿತ ಸರಿಮಾಡ್ತೀವಿ ಅಂತ."

"ನನ್ನ ನೋಡಿ ಮಾತಾಡೋಕೆ ಹೇಳು. ನಾನೇನು ಇವರ ಕಣ್ಣಿಗೂ ಕಾಣ್ತಿಲ್ವಾ?" ಎಂದಳು ದೊಡ್ಡಮ್ಮ.

"ಸ್ವಲ್ಪ ಅವರ ಕಡೆ ತಿರುಗಿ ಮಾತಾಡಿದ್ರೆ ಅನುಕೂಲ ಸರ್," ಎಂದೆ ನಾನು.

ದೊಡ್ಡಮ್ಮನ ಮೊಣಕೈ ನನ್ನ ಪಕ್ಕೆಗೆ ಬಿತ್ತು. ಅವಳ ಕಣ್ಣು ಮ್ಯಾನೇಜರ ತುಟಿಯ ಮೇಲಲ್ಲ, ನನ್ನ ತುಟಿಯ ಮೇಲಿತ್ತು. "ಅನುಕೂಲ ಅಂತ ನಾನು ಎಲ್ಲಿ ಹೇಳಿದೆ? ನನ್ನ ಮಾತಿಗೆ ಸಕ್ಕರೆ ಹಾಕಬೇಡ. ನಿನ್ನ ಮಾತಾದ್ರೆ ನಿನ್ನ ಹೆಸರಲ್ಲಿ ಹೇಳ್ಕೋ." ನಾನು ತಲೆ ತಗ್ಗಿಸಿ, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಮತ್ತೊಮ್ಮೆ ಹೇಳಿದೆ. ಮ್ಯಾನೇಜರ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಅವರು ಅವಳ ಕಡೆ ತಿರುಗಿದರು.

ಚಿತ್ರ ಕತ್ತರಿಸಿದ್ದನ್ನು ಎಂಜಿನಿಯರಮ್ಮ ಅಲ್ಲಗಳೆಯಲಿಲ್ಲ. ಹಳೆಯ ಸಿನಿಮಾ, ಚೌಕಾಕಾರದ ಚಿತ್ರ. ಈಗಿನ ಟಿ.ವಿ. ಅಗಲ. ಇದ್ದ ಹಾಗೇ ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ.

"ಕಪ್ಪು ಪಟ್ಟಿ ಬಂದ್ರೆ ಜನ ಟಿ.ವಿ. ಕೆಟ್ಟಿದೆ, ಡಿಸ್ಕ್ ಕೆಟ್ಟಿದೆ ಅಂತ ವಾಪಸ್ ತಂದುಕೊಡ್ತಾರೆ. ಅದಕ್ಕೆ ಪರದೆ ತುಂಬೋ ಹಾಗೆ ದೊಡ್ಡದು ಮಾಡಿದ್ವಿ. ಮೇಲೆ ತೆಗೆದ್ರೆ ತಲೆ ಹೋಗತ್ತೆ, ಅದಕ್ಕೆ ಕೆಳಗೆ ತೆಗೆದ್ವಿ. ಕೈ ಅಲುಗಾಡ್ತಾ ಇದ್ರೆ ಅಕ್ಷರ ಓದೋಕೂ ಕಷ್ಟ ಅಲ್ವಾ, ನಿಮಗೇ ಒಳ್ಳೇದು ಅಂದ್ಕೊಂಡ್ವಿ," ಎಂದರು.

ಅವರು ಅದನ್ನು ನಿಜವಾಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಅದೇ ನನ್ನ ಹೊಟ್ಟೆ ಉರಿಸಿತು. ಮ್ಯಾನೇಜರೂ ದನಿಗೂಡಿಸಿದರು. "ಅಷ್ಟಕ್ಕೂ ಅದು ಕೊರಿಯಾದ ಸನ್ನೆ. ನಿಮಗೂ ಅರ್ಥ ಆಗಲ್ಲ ಅಂತ ನಿಮ್ಮ ಅಧ್ಯಕ್ಷರೇ ಬರೆದು ತಿಳಿಸಿದ್ದಾರೆ. ಅವಳು ಹೇಳಿದ್ದೆಲ್ಲ ಅಕ್ಷರದಲ್ಲಿ ಇದೆಯಲ್ಲ ಮೇಡಂ."

ದೊಡ್ಡಮ್ಮ ಅಧ್ಯಕ್ಷರನ್ನು ಒಂದು ಸಲ ನೋಡಿದಳು. ಅವರು ಚಹಾದ ಲೋಟದೊಳಗೆ ನೋಡತೊಡಗಿದರು.

"ನಿಮಗೆ ಕೊರಿಯನ್ ಬರತ್ತಾ?" ಎಂದು ಕೇಳಿದಳು ಮ್ಯಾನೇಜರರನ್ನು.

"ಇಲ್ಲ."

"ಹಾಗಾದ್ರೆ ಸಿನಿಮಾದ ಧ್ವನಿ ಪೂರ್ತಿ ತೆಗೆದುಹಾಕಿ. ಅಪ್ಪ ಕೂಗೋದು, ಅಂಗಡಿಯವನು ಬೈಯೋದು, ಎಲ್ಲ. ಕೇಳೋ ಜನಕ್ಕೂ ಅದು ಅರ್ಥ ಆಗಲ್ಲ. ಅಕ್ಷರ ಇದೆಯಲ್ಲ, ಓದ್ಕೊಳ್ಳಲಿ. ಹಾಗೆ ಡಿಸ್ಕ್ ಮಾಡಿ, ಈಗ್ಲೇ ಮುದ್ರೆ ಒತ್ತಿಕೊಡ್ತೀನಿ."

ಇದನ್ನು ಹೇಳುವಾಗ ನನ್ನ ದನಿ ನನಗೆ ಗೊತ್ತಿಲ್ಲದ ಹಾಗೆ ಏರಿತ್ತು. ಮ್ಯಾನೇಜರ್ ನಗಲು ಹೋಗಿ ಬಿಟ್ಟರು. ಧ್ವನಿಯಿಲ್ಲದ ಡಿಸ್ಕ್ ಯಾರು ಕೊಳ್ಳುತ್ತಾರೆ ಎಂದರು.

"ಕೈಯಿಲ್ಲದ್ದು ನಾವು ಯಾಕೆ ಕೊಳ್ಳಬೇಕು?" ಎಂದಳು ದೊಡ್ಡಮ್ಮ.

ಎಂಜಿನಿಯರಮ್ಮ ಆಗ ಎದ್ದರು. ಕತ್ತರಿಸುವ ಮೊದಲಿನ ಪೂರ್ತಿ ಚಿತ್ರ ತಮ್ಮ ಬಳಿ ಇದೆ, ಕೊನೆಯ ದೃಶ್ಯವನ್ನು ತೋರಿಸುತ್ತೇನೆ, ಹೋಗಿರುವುದು ಬಹಳವೇನಿಲ್ಲ ಎಂದು ನೀವೇ ನೋಡಿ ಎಂದರು. ಗೋಡೆಯ ಟಿ.ವಿ.ಯಲ್ಲಿ ಟಿಕೆಟ್ ಕಿಟಕಿ ಬಂತು. ಎರಡೂ ಪಕ್ಕ ಕಪ್ಪು ಪಟ್ಟಿ, ನಡುವೆ ಚೌಕಾಕಾರದ ಚಿತ್ರ. ಈ ದೃಶ್ಯವನ್ನು ನಾವೆಲ್ಲ ಕತ್ತರಿಸಿದ ಡಿಸ್ಕಿನಲ್ಲಿ ಆಗಲೇ ನೋಡಿದ್ದೆವು. ಅಪ್ಪನ ಮುಖ, ಮಗಳ ಮುಖ, ಕೆಳಗೆ '[ಕೈಮಾತಿನಲ್ಲಿ] ಹುಷಾರಾಗಿ ಹೋಗಿ ಬಾ' ಎಂಬ ಅಕ್ಷರ. ಆಮೇಲೆ ಮಗಳ ಭುಜ ಸ್ವಲ್ಪ ಮುಂದೆ ಬಾಗುತ್ತದೆ. ಟಿಕೆಟ್ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆವು.

ಅವಳು ಟಿಕೆಟ್ ತೆಗೆದುಕೊಂಡಿರಲಿಲ್ಲ. ಅಪ್ಪನ ಕೈಗಳು ಗಾಜಿನ ಹಿಂದೆ ಏಳುತ್ತವೆ. ಅವನಿಗೆ ಬರುವುದಿಲ್ಲ. ಬೆರಳು ತಪ್ಪಾಗಿ ಮಡಚುತ್ತಾನೆ, ಬಿಡಿಸುತ್ತಾನೆ, ಇನ್ನೊಂದು ಕೈ ನೋಡಿಕೊಂಡು ಮತ್ತೆ ಮಡಚುತ್ತಾನೆ, ಮತ್ತೆ ತಪ್ಪು. ಕೊರಿಯಾದ ಕೈಮಾತು ಒಂದಕ್ಷರ ಬಾರದ ನನಗೂ ಅದು ತಪ್ಪೆಂದು ತಿಳಿಯುತ್ತಿತ್ತು. ಆಗ ಮಗಳು ಟಿಕೆಟ್ ಕೊಡುವ ಸಂದಿಯಲ್ಲಿ ಕೈ ತೂರಿಸಿ, ಅವನ ಹೆಬ್ಬೆರಳು ಹಿಡಿದು ನೆಟ್ಟಗೆ ಮಾಡುತ್ತಾಳೆ. ಅವನು ಇನ್ನೊಮ್ಮೆ ಹೇಳುತ್ತಾನೆ. ಇದ್ಯಾವುದೂ ಅಕ್ಷರದಲ್ಲಿ ಇರಲಿಲ್ಲ. ಅಕ್ಷರದಲ್ಲಿ ಅಪ್ಪ ಒಂದೇ ಸಲ, ಸ್ವಚ್ಛವಾಗಿ, ಹುಷಾರಾಗಿ ಹೋಗಿ ಬಾ ಎಂದಿದ್ದ.

ದೊಡ್ಡಮ್ಮನ ಕೈಗಳು ಮಡಿಲಲ್ಲಿ ಬಿದ್ದಿದ್ದವು. ನನ್ನ ತಾತ, ಅಂದರೆ ಅವಳ ಅಪ್ಪ, ಸಾಯುವ ತನಕ ಅವಳೊಂದಿಗೆ ಕೈಯಲ್ಲಿ ಒಂದು ಮಾತು ಆಡಿದವರಲ್ಲ. ನಾಲ್ಕು ಜನರ ಎದುರು ಕೈ ಆಡಿಸಲು ಅವರಿಗೆ ನಾಚಿಕೆಯಾಗುತ್ತಿತ್ತೆಂದು ಅಮ್ಮ ಹೇಳುತ್ತಾಳೆ. ದೊಡ್ಡಮ್ಮ ಅವರ ಬಗ್ಗೆ ಒಳ್ಳೆಯದು ಕೆಟ್ಟದ್ದು ಏನೂ ಹೇಳಿದ್ದನ್ನು ನಾನು ಕಂಡಿರಲಿಲ್ಲ.

"ಇಷ್ಟು ಕೆಟ್ಟದಾಗಿ ಆಡಿದ್ರೂ ಸಾಕಿತ್ತು ನಮ್ಮಪ್ಪ," ಎಂದಳು.

ಇದನ್ನು ಹೇಳಲೇ ಎಂದು ಅವಳ ಮುಖ ನೋಡಿದೆ. ಹೇಳು ಎಂದು ತಲೆಯಾಡಿಸಿದಳು. ಹೇಳಿದೆ. ಎಂಜಿನಿಯರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದರು. ಮ್ಯಾನೇಜರ್ ಪೆನ್ನು ಕೆಳಗಿಟ್ಟು, ಬಹಳ ಮೆತ್ತಗೆ ಹೇಳಿದರು.

"ಆಯ್ತು ಮೇಡಂ. ಈ ಕೊನೇ ದೃಶ್ಯ ಪೂರ್ತಿ ಹಾಕ್ತೀವಿ. ಪಕ್ಕದಲ್ಲಿ ಪಟ್ಟಿ ಬಂದ್ರೂ ಪರವಾಗಿಲ್ಲ. ಮಿಕ್ಕಿದ್ದು ಪರದೆ ತುಂಬ ಇರಲಿ. ಇದು ನಿಮಗೋಸ್ಕರ."

ಅಧ್ಯಕ್ಷರ ಮುಖ ಅರಳಿತು. "ತಗೋ, ಸಾಕು," ಎಂದು ಮೇಜಿನ ಮೇಲಿಂದಲೇ ಕೈಯಾಡಿಸಿದರು. ದರ್ಜಿಯೂ ತಲೆಯಾಡಿಸಿದಳು. ನಿಜ ಹೇಳುತ್ತೇನೆ, ನನಗೂ ಗೆದ್ದೆವೆಂದೇ ಅನ್ನಿಸಿತು. ಅವಳಿಗೆ ಬೇಕಾಗಿದ್ದ ಕೈಗಳು ಅವೇ ಅಲ್ಲವೇ, ಇನ್ನೇನು ಬೇಕು ಎಂದುಕೊಂಡೆ. ದೊಡ್ಡಮ್ಮ ಚೀಲದೊಳಗೆ ಕೈ ಹಾಕಿದಳು. ಮುದ್ರೆ ತೆಗೆಯುತ್ತಾಳೆಂದು ಮ್ಯಾನೇಜರ್ ಕಾಗದ ಮುಂದೆ ಸರಿಸಿದರು. ಅವಳು ತೆಗೆದದ್ದು ಕರವಸ್ತ್ರ. ಮುಖ ಒರೆಸಿಕೊಂಡು, ಅದನ್ನು ಮಡಚಿ ಒಳಗಿಟ್ಟು, ಚೀಲದ ಜಿಪ್ ಎಳೆದಳು.

"ಆ ಹುಡುಗಿ ಸಿನಿಮಾ ಶುರುವಿಂದ ಮಾತಾಡ್ತಾನೇ ಇದ್ದಾಳೆ. ಜಗಳ ಆಡಿದ್ದಾಳೆ, ಅಂಗಡಿಯಲ್ಲಿ ತಮಾಷೆ ಮಾಡಿದ್ದಾಳೆ, ಅಪ್ಪನ್ನ ಬೈದಿದ್ದಾಳೆ. ಅದ್ಯಾವುದೂ ಕಾಣಬಾರದು. ಕಿವಿ ಇರೋ ಒಬ್ಬ ಕೊನೇಲಿ ಕೈ ಎತ್ತಿದ ಅಂದ್ರೆ, ಅವನದು ಮಾತ್ರ ಕಾಣಬೇಕು. ಇದು ನನಗೋಸ್ಕರ ಅಂತೀರಾ? ನಮ್ಮಪ್ಪನ ಕೈ ನೋಡೋ ಆಸೆ ನನ್ನದು, ಅದು ನನ್ನ ಮನೆ ವಿಷಯ. ಮುದ್ರೆ ಸಂಘದ್ದು. ಪೂರ್ತಿ ಕೊಡಿ, ಇಲ್ಲಾಂದ್ರೆ ಬಿಡಿ."

ಒಂದು ಮಾತನ್ನೂ ತಿದ್ದದೆ, ಒಂದು ಕಾಳು ಸಕ್ಕರೆಯನ್ನೂ ಹಾಕದೆ ನಾನು ಅದನ್ನು ಹೇಳಿದೆ. ಹಾಗಾದರೆ ಮುಂದಿನ ಸಿನಿಮಾಗಳನ್ನು ಬೇರೆಯವರಿಗೆ ತೋರಿಸಿಕೊಳ್ಳುತ್ತೇವೆ ಎಂದರು ಮ್ಯಾನೇಜರ್. ತೋರಿಸಿಕೊಳ್ಳಿ ಎಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಅಧ್ಯಕ್ಷರು ನಮ್ಮಿಂದ ದೂರ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತರು.

ಆಮೇಲಿನ ಭಾನುವಾರಗಳು ಕೆಟ್ಟದಾಗಿದ್ದವು. ಹೊಸ ಡಿಸ್ಕ್ ಬರಲಿಲ್ಲ. ನೋಡಿದ್ದನ್ನೇ ನೋಡಿ ಬೇಸತ್ತು ಜನ ಬರುವುದು ಕಡಿಮೆಯಾಯಿತು. ಬಂದವರೂ ದೊಡ್ಡಮ್ಮ ಮಾತಿಗೆ ಎಳೆದರೆ ಬೇರೆ ಕಡೆ ನೋಡುತ್ತಿದ್ದರು. ಬೇರೆಯವರಾದರೆ ಬೆನ್ನ ಹಿಂದೆ ಬೈಯುತ್ತಾರೆ. ಕಿವುಡರು ಸಿಟ್ಟು ತೀರಿಸಿಕೊಳ್ಳಲು ಕಣ್ಣು ಮುಚ್ಚಿಕೊಂಡರೆ ಸಾಕು, ಎದುರಿನವರ ಬಾಯಿ ಕಟ್ಟಿದ ಹಾಗೆ. ಒಬ್ಬ ಹೆಂಗಸು ಅವಳ ಎದುರೇ ಕಣ್ಣು ಮುಚ್ಚಿ ಕೂತಳು. ದೊಡ್ಡಮ್ಮನಿಗೆ ನೋವಾಗಲಿಲ್ಲವೆಂದು ನಾನು ಬರೆಯಲಾರೆ. ಮನೆಗೆ ಬಂದು ಊಟ ಬಿಟ್ಟು ಮಲಗಿದಳು. ಆದರೆ ಮರುದಿನ ಎದ್ದು, ಕವರಿನ ಚಿತ್ರವನ್ನೂ ಟಿ.ವಿ.ಯಲ್ಲಿ ನಿಲ್ಲಿಸಿದ ಚಿತ್ರವನ್ನೂ ಅಕ್ಕಪಕ್ಕ ಇಟ್ಟು ಫೋಟೊ ತೆಗೆಸಿದಳು. ನನ್ನಿಂದ, ದರ್ಜಿಯಿಂದ ವಿಳಾಸ ಹುಡುಕಿಸಿ ಊರೂರಿನ ಕಿವುಡರ ಶಾಲೆಗೆ, ಸಂಘಕ್ಕೆ ಕಳಿಸಿದಳು. ಜೊತೆಗೆ ಬರೆದದ್ದು ಇಷ್ಟೇ: ಇವಳು ಮಾತಾಡುತ್ತಿದ್ದಾಳೆ, ಎಡಗಡೆ ನೋಡಿ. ಇವಳ ಬಾಯಿ ಮುಚ್ಚಿಸಿದ್ದಾರೆ, ಬಲಗಡೆ ನೋಡಿ.

ಡಿಸ್ಕು ಮುದ್ರೆಯಿಲ್ಲದೆ ಅಂಗಡಿಗೆ ಬಂತು. ಶಾಲೆಗಳವರು ಬೇಡವೆಂದರು. ಒಂದು ಸಂಘವಂತೂ ತಾನು ಮೊದಲು ಕೊಂಡಿದ್ದ ಬೇರೆ ಡಿಸ್ಕುಗಳನ್ನೆಲ್ಲ ತೆಗೆದು, ಇವುಗಳಲ್ಲೂ ಏನೇನು ಕತ್ತರಿಸಿದ್ದೀರಿ ಎಂದು ಕಂಪನಿಗೆ ಬರೆದು ಕೇಳಿತಂತೆ. ಅದು ಮ್ಯಾನೇಜರಿಗೆ ನಾಟಿರಬೇಕು. ಒಂದು ಮಧ್ಯಾಹ್ನ ಎಂಜಿನಿಯರಮ್ಮ ನನಗೆ ಫೋನ್ ಮಾಡಿದರು. "ಪೂರ್ತಿ ಸಿನಿಮಾ ಇದ್ದ ಹಾಗೇ ಹಾಕಿದ್ದೀನಿ. ಹಳೇದನ್ನ ಅಂಗಡಿಯಿಂದ ವಾಪಸ್ ತರಿಸ್ತಿದ್ದಾರೆ. ನಿಮ್ಮ ದೊಡ್ಡಮ್ಮ ಒಂದ್ಸಲ ಬಂದು ನೋಡ್ತಾರಾ ಕೇಳಿ," ಎಂದರು. ಕೇಳಿದೆ. ರಜೆ ಹಾಕಿ ಹೊರಟಳು. ಅಧ್ಯಕ್ಷರು ಕರೆಯದೆಯೇ ಬಸ್ ಸ್ಟಾಪಿನಲ್ಲಿ ಬಂದು ನಿಂತಿದ್ದರು.

ಅದೇ ಗಾಜಿನ ಕೋಣೆ. ಕೊಡೆ ರಿಪೇರಿಯವನ ಅಂಗಡಿ ಬಂತು, ಮೇಜು ಬಂತು, ಮೇಜಿನ ಕೆಳಗಿನ ಬೆಕ್ಕು ಬಂತು. ಹುಡುಗಿ ಎರಡೂ ಕೈ ಎತ್ತಿದಳು. ಕೆಳಗೆ 'ನೀವು ಇದನ್ನು ಸರಿಯಾಗಿ ರಿಪೇರಿ ಮಾಡಿಲ್ಲ' ಎಂದು ಅಕ್ಷರ ಮೂಡಿತು. ಅವಳ ಕೈ ಹೇಳುತ್ತಿದ್ದದ್ದು ಅಷ್ಟು ಮರ್ಯಾದೆಯ ಮಾತಲ್ಲವೆಂದು ನೋಡಿದವರಿಗೆಲ್ಲ ಗೊತ್ತಾಯಿತು. ಯಾವ ದೇಶದ ಕೈಯಾದರೂ ಬೈಗುಳ ಬೈಗುಳವೇ. ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ದೊಡ್ಡಮ್ಮ ನಗಲಿಲ್ಲ. ಹುಡುಗಿಯ ಕೈಯಿಂದ ಕಣ್ಣು ಕೀಳದೆ ಚೀಲ ತೆರೆದು, ಚಾಕುಗಳ ನಡುವೆ ತಡಕಿ ಮುದ್ರೆ ತೆಗೆದು, ಮೇಜಿನ ಮೇಲಿದ್ದ ಕಾಗದಕ್ಕೆ ಒತ್ತಿದಳು.

"ಈಗ ತಾನೇ ಶುರುವಾಗಿದೆ," ಎಂದರು ಎಂಜಿನಿಯರಮ್ಮ, ಈ ಸಲ ಅವಳ ಕಡೆಗೇ ತಿರುಗಿ. "ನಿಮ್ಮ ಕೊನೇ ದೃಶ್ಯ ಇನ್ನೂ ಬಂದಿಲ್ಲ. ಅಪ್ಪ ಮಾತಾಡೋದು ನೋಡಿ ಆಮೇಲೆ ಒತ್ತಬಹುದಿತ್ತು."

"ಅಪ್ಪನ್ನ ನೋಡೋಕೆ ಕೂತಿರ್ತೀನಿ, ಎಲ್ಲಿಗೂ ಹೋಗಲ್ಲ," ಎಂದಳು ದೊಡ್ಡಮ್ಮ. "ಮುದ್ರೆ ಇವಳಿಗೆ."